ಪೆಟ್ಟಿಗೆ ಕಟ್ಟಿದವನು

ಕಾರ್ತ್ಯಾಯನಿಗೆ ಸ್ವಂತ ಪೆನ್ನು ಇರಲಿಲ್ಲ. ವಾಚನಾಲಯ ನೋಡಿಕೊಳ್ಳುವವಳ ಬಳಿ ಪೆನ್ನಿಲ್ಲ ಎಂದರೆ ಯಾರಾದರೂ ನಗಬೇಕಿತ್ತು. ಯಾರೂ ನಕ್ಕಿರಲಿಲ್ಲ. ಮೇಜಿನ ಕಾಲಿಗೆ ದಾರದಿಂದ ಕಟ್ಟಿದ್ದ ಒಂದು ಬಾಲ್‌ಪೆನ್ನಿನಲ್ಲೇ ಅವಳ ಕೆಲಸವೆಲ್ಲ ನಡೆಯುತ್ತಿತ್ತು.

ಸೋಮವಾರ ಬೆಳಿಗ್ಗೆ ಅವಳು ಕೊಳವಳ್ಳಿ ವಾಚನಾಲಯದ ಬಾಗಿಲು ದೂಡಿದಾಗ ಆ ಬಾಲ್‌ಪೆನ್ನು ಇದ್ದಲ್ಲೇ ಇತ್ತು. ಪೇಪರುಗಳಿದ್ದವು. ಕಪಾಟು ಇತ್ತು. ಶ್ರೀಧರನ್ ಮಾಷ್ ಅವರ ಪೆಟ್ಟಿಗೆ ಮಾತ್ರ ಇರಲಿಲ್ಲ.

ಪೆಟ್ಟಿಗೆ ಇಟ್ಟಿದ್ದ ಮೇಜಿನ ಮೇಲೆ ಒಂದು ಬಳ್ಳಿ ಬಿದ್ದಿತ್ತು. ನೀರಲ್ಲಿ ನೆನೆಸಿ ಹುರಿ ಮಾಡಿದ ಕಾಡುಬಳ್ಳಿ. ಗಂಟು ಸಡಿಲವಾಗಿರಲಿಲ್ಲ. ಗಂಟಿನ ಪಕ್ಕದಲ್ಲಿ ಯಾರೋ ಚಾಕು ಆಡಿಸಿದ್ದರು.

ಬಾಗಿಲಿನ ಬೀಗ ಕೆಟ್ಟು ಒಂದು ಮಳೆಗಾಲ ಕಳೆದಿತ್ತು. ಅಧ್ಯಕ್ಷರಿಗೆ ಹೇಳಿ ಹೇಳಿ ಅವಳ ಬಾಯಿ ನೋಯುತ್ತಿತ್ತು.

ಮಾಷ್ ತೀರಿಕೊಂಡದ್ದು ಹೋದ ತಿಂಗಳು. ಕನ್ನಡದ ಮನೆಯಲ್ಲಿ ಹುಟ್ಟಿ, ಮಲಯಾಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೆಂಡತಿ ಮಕ್ಕಳಿಲ್ಲ. ಪುಸ್ತಕ, ಹಾಡು, ಪೆನ್ನು ಈ ಮೂರರ ಹುಚ್ಚು. ಎಸ್ಟೇಟ್ ಬಂಗಲೆಯವರು ಬಿಸಾಡಿದ ಗ್ರಾಮಫೋನನ್ನು ಹೊತ್ತು ತಂದು ಹಾಡಿಸಿದವರು. ಅಳಲೆಕಾಯಿ ಜಜ್ಜಿ, ಅನ್ನಭೇದಿ ಹಾಕಿ, ಮನೆಯಲ್ಲೇ ಮಸಿ ಕಾಯಿಸುತ್ತಿದ್ದವರು. ಕೊನೆಕೊನೆಗೆ ಒಂದು ಕ್ಯಾಸೆಟ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಕಾಡುನಾಯಕರ ಹಾಡಿಗೆ, ಅವರ ಗುಡಿಸಲುಗಳ ಕೇರಿಗೆ, ಹೋಗಿ ವೆಳ್ಳಚ್ಚಿ ಎಂಬ ಮುದುಕಿಯ ಮುಂದೆ ಕೂತುಬಿಡುತ್ತಿದ್ದರು. ವೆಳ್ಳಚ್ಚಿ ಸತ್ತಳು. ಹಾಡು ಕ್ಯಾಸೆಟ್ಟಿನಲ್ಲಿ ಉಳಿಯಿತು.

"ಹಾಡಿಯಿಂದ ತಂದದ್ದು ಹಾಡಿಗೇ ಹೋಗಲಿ," ಎಂದಿದ್ದರು ಮಾಷ್, ಹಾಸಿಗೆಯಲ್ಲಿ. "ಗ್ರಾಮಫೋನೂ ಹೋಗಲಿ, ಅವರು ಕುಣೀಲಿ. ಪುಸ್ತಕ ವಾಚನಾಲಯಕ್ಕೆ. ಕರಿ ಪೆನ್ನು ಕಾರ್ತಿಗೆ."

ಆಗ ಹಾಸಿಗೆಯ ಪಕ್ಕ ಇದ್ದವರು ಇಬ್ಬರು. ಕಾರ್ತ್ಯಾಯನಿ, ಮತ್ತು ವಾಚನಾಲಯದ ಅಧ್ಯಕ್ಷ ಸುಕುಮಾರನ್.

ಸೋಮವಾರ ಪೆಟ್ಟಿಗೆ ಹಾಡಿಗೆ ಹೋಗಬೇಕಿತ್ತು. ಗ್ರಾಮಫೋನ್, ತಟ್ಟೆಗಳು, ರೆಕಾರ್ಡರ್, ಕ್ಯಾಸೆಟ್ಟುಗಳು, ಮಸಿ ಶೀಸೆ, ಕರಿ ಪೆನ್ನು ಎಲ್ಲ ಅದರಲ್ಲೇ. ಪೆನ್ನನ್ನು ಮೊದಲೇ ತೆಗೆದುಕೊಳ್ಳಬಹುದಿತ್ತು. ಹಾಡಿಯಲ್ಲಿ ಎಲ್ಲರೆದುರು ತೆಗೆದುಕೊಳ್ಳೋಣ ಎಂದು ಅವಳು ಬಿಟ್ಟಿದ್ದಳು. ಭಾನುವಾರ ಸಂಜೆ ವೆಳ್ಳಚ್ಚಿಯ ಮಗ, ಅವಳು ಹಾಡುವಾಗ ಕೊಳಲು ಊದುತ್ತಿದ್ದ ಕೇಳು ಬಂದು, ಒಳಗಿನದು ಅಲುಗಾಡದ ಹಾಗೆ ಬಳ್ಳಿ ಬಿಗಿದು, ಪೆಟ್ಟಿಗೆಯನ್ನು ಒಬ್ಬನೇ ಎತ್ತಿ ಮೇಜಿನ ಮೇಲಿಟ್ಟು ಹೋಗಿದ್ದ.

* * *

ಕಾರ್ತ್ಯಾಯನಿ ಹೇಳಿ ಕಳಿಸಿದ ಮೇಲೆ ಸುಕುಮಾರನ್ ಬಂದ. ಅವನ ಹಿಂದೆ ಪೊಲೀಸ್ ಜೀಪು ಬಂತು. ಸುಕುಮಾರನ್ ಕನ್ನಡದ ಮನೆಯವನೇ, ಕರಿಮೆಣಸಿನ ವ್ಯಾಪಾರಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಇಲ್ಲದೆ ಬೀದಿಗಿಳಿಯುವವನಲ್ಲ. ಇವತ್ತು ಜೇಬಿನ ಕೆಳಗೆ ಹೊಗೆಬಣ್ಣದ ಸಣ್ಣ ಕಲೆಯೊಂದು ಇತ್ತು.

"ಅಂಗಿಗೆ ಏನೋ ಆಗಿದೆ ಸುಕುಮಾರಣ್ಣ."

"ಮೆಣಸಿನ ಧೂಳು. ಅಂಗಿ ನೋಡೋ ಹೊತ್ತಾ ಇದು?" ಅವನು ಖಾಲಿ ಮೇಜು ನೋಡಿದ. ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. "ಎಂಥ ಸಂಗ್ರಹ ಅದು. ಹೊಸ ಜಿಲ್ಲೆಯಲ್ಲಿ ಇನ್ನೊಬ್ಬರ ಹತ್ರ ಇಲ್ಲ."

ವಯನಾಡ್ ಜಿಲ್ಲೆ ಆಗಿ ಎರಡು ವರ್ಷ. ಎಲ್ಲದಕ್ಕೂ ಜಿಲ್ಲೆಯ ಹೆಸರು ಅಂಟಿಸುವ ಕಾಲ. ಮುಂದಿನ ವಾರ ಕಲ್ಪೆಟ್ಟದಲ್ಲಿ ಕಲಾಪ್ರದರ್ಶನ. ಅಲ್ಲಿ ಸುಕುಮಾರನ್‌ಗೂ ಒಂದು ಮಳಿಗೆ ಸಿಕ್ಕಿತ್ತು. ಏನಿಡುತ್ತಾನೆ ಎಂದು ಯಾರೂ ಕೇಳಿರಲಿಲ್ಲ.

ಎಸ್‌ಐ ಅಯ್ಯಪ್ಪನ್ ಕೋಟ್ಟಯಂ ಕಡೆಯವರು. ಬಂದು ಆರು ತಿಂಗಳು. ಅವರಿಗೆ ಗೊತ್ತಿದ್ದದ್ದು ಮಲಯಾಳ ಒಂದೇ. ಬಳ್ಳಿಯನ್ನು ಲಾಠಿಯ ತುದಿಯಲ್ಲಿ ಎತ್ತಿದರು.

"ಇದನ್ನ ಕಟ್ಟಿದವರು ಯಾರು?"

"ಕೇಳು," ಎಂದ ಸುಕುಮಾರನ್, ಕಾರ್ತ್ಯಾಯನಿ ಬಾಯಿ ತೆರೆಯುವ ಮೊದಲೇ. "ಕಾಡುನಾಯಕ. ಒಳಗೆ ಏನಿದೆ ಅಂತ ಅವನಿಗೆ ಗೊತ್ತಿತ್ತು ಸಾರ್."

"ಸಾರ್," ಎಂದಳು ಕಾರ್ತ್ಯಾಯನಿ, "ಕೇಳು ಕದಿಯೋನಾದರೆ ಬಳ್ಳಿ ಯಾಕೆ ಕೊಯ್ಯುತ್ತಾನೆ? ಅವನದೇ ಗಂಟು. ಒಂದು ಎಳೆ ಎಳೆದರೆ ಬಿಚ್ಚುತ್ತೆ. ಬಿಚ್ಚೋದೂ ಬೇಡ, ಹಾಗೇ ಹೊತ್ತುಕೊಂಡು ಹೋಗಬಹುದಿತ್ತು. ಕೊಯ್ದವನಿಗೆ ಗಂಟೂ ಬಿಚ್ಚಲಿಕ್ಕೆ ಬರಲ್ಲ, ಪೆಟ್ಟಿಗೆಯೂ ಎತ್ತಲಿಕ್ಕೆ ಆಗಲ್ಲ. ತೆರೆದು, ಸ್ವಲ್ಪ ಸ್ವಲ್ಪ ಸಾಗಿಸಿ, ಕೊನೆಗೆ ಖಾಲಿ ಪೆಟ್ಟಿಗೆ ಒಯ್ದಿದ್ದಾನೆ."

"ನಮಗೆ ಹಾಗನ್ನಿಸಲಿ ಅಂತಲೇ ಕೊಯ್ದಿರಬಹುದು," ಎಂದರು ಎಸ್‌ಐ.

"ಅಷ್ಟು ಬುದ್ಧಿ ಇದ್ದೋನು ಗಂಟು ಇಲ್ಲೇ ಬಿಟ್ಟು ಹೋಗ್ತಾನಾ ಸಾರ್?"

ಎಸ್‌ಐ ನಕ್ಕರು. "ಕೊಚ್ಚೇ," ಎಂದರು, ಮಲಯಾಳದಲ್ಲಿ ಮಗುವನ್ನು ಕರೆಯುವ ಹಾಗೆ. "ನೀನು ಓದೋದು ಜಾಸ್ತಿ ಆಯ್ತು." ಜೀಪು ಹಾಡಿಯ ಕಡೆ ತಿರುಗಿತು.

ಸುಕುಮಾರನ್ ಕನ್ನಡದಲ್ಲಿ ಮೆಲ್ಲಗೆ ಹೇಳಿದ. "ಕರಿ ಪೆನ್ನು ನಿನಗೆ ಬರಬೇಕಾದ್ದು ಅಂತ ನಾನು ಸಾರ್‌ಗೆ ಹೇಳಿಲ್ಲ ಕಾರ್ತಿ. ಹೇಳಿದ್ರೆ ಪೆಟ್ಟಿಗೆ ತೆಗೆದದ್ದು ನೀನೇ ಅಂತಾರೆ. ಸುಮ್ಮನಿರು."

"ಹೇಳಿ ಸುಕುಮಾರಣ್ಣ. ನಾನೇ ಬೇಕಾದ್ರೆ ಜೀಪು ಹತ್ತುತೀನಿ."

ಅವನು ಠಾಣೆಯ ಕಡೆ ನಡೆದ.

* * *

ಕಾರ್ತ್ಯಾಯನಿಯ ತಲೆಯಲ್ಲಿ ಆಗ ಇದ್ದ ಹೆಸರು ಬೇರೆ. ಪುಲ್ಪಳ್ಳಿಯ ನಳಿನಿ ರೇಡಿಯೋಸ್‌ನ ದಾಮು. ಗ್ರಾಮಫೋನ್ ಕೊಡಿ ಎಂದು ಮಾಷ್ ಅವರನ್ನು ಸಾಯುವ ತನಕ ಪೀಡಿಸಿದ ಮನುಷ್ಯ. ಮೊದಲು ಸಿಕ್ಕ ಬಸ್ಸು ಹತ್ತಿದಳು.

ಅಂಗಡಿಯ ಮುಂದೆ ಅವಳು ನಿಂತುಬಿಟ್ಟಳು. ಗಾಜಿನ ಪೆಟ್ಟಿಗೆಯ ಮೇಲೆ, ಎಣ್ಣೆ ಹಾಕಿ ಒರೆಸಿ, ಒಂದು ಗ್ರಾಮಫೋನ್ ಕೂತಿತ್ತು.

"ಚೆನ್ನಾಗಿದೆ," ಎಂದಳು.

"ಚೆನ್ನಾಗಿರದೆ? ಹಾಡಿಸಲಾ?"

"ಎಲ್ಲಿಂದ ಬಂತು ದಾಮುವೇಟ್ಟಾ?"

ದಾಮು ಸ್ಕ್ರೂಡ್ರೈವರ್ ಕೆಳಗಿಟ್ಟ. "ಓ. ಹಾಗಾ. ಪೆಟ್ಟಿಗೆ ಕಳುವಾದ ಸುದ್ದಿ ಬೆಳಗಿನ ಬಸ್ಸಲ್ಲೇ ಬಂತು. ಅದರ ಬೆನ್ನಿಗೇ ಬಂದ ಬಸ್ಸಲ್ಲಿ ನೀನು. ಕೈ ಹಾಕಿ ನೋಡು ಹಿಡಿಗೆ. ಮಾಷ್ ಅವರದ್ದು ಹಿಡಿ ಮುರಿದು, ಕೇಳು ಬಿದಿರಲ್ಲಿ ಕೆತ್ತಿ ಕೊಟ್ಟಿದ್ದ. ಇದು ಉಕ್ಕು."

ಉಕ್ಕೇ. ಕಾರ್ತ್ಯಾಯನಿ ಕೈ ತೆಗೆದಳು.

"ಕಳ್ಳ ಅಂತ ಬಂದೋಳಿಗೆ ಚಹಾ ಹೇಳಲ್ಲ," ಎಂದು ದಾಮು ಚಹಾ ಹೇಳಿದ. "ಇದು ಹೋದ ತಿಂಗಳಿಂದ ಇಲ್ಲೇ ಇದೆ. ನಿಮ್ಮ ಅಧ್ಯಕ್ಷರು ಬಂದು ನೋಡಿದರು. ತಡವಿದರು. ಹಾಡಿಸಿದರು. ಆಮೇಲೆ ಬೇಡ ಅಂದರು. ಬೇರೆ ಒಂದು ಸಿಗುತ್ತೆ ಅಂದರು."

"ಯಾವುದು?"

"ನಾನೂ ಅದೇ ಕೇಳಿದೆ. ಸುತ್ತಮುತ್ತ ಇರೋದು ಎರಡೇ. ಒಂದು ಇದು. ಇನ್ನೊಂದು ಮಾಷ್ ಅವರದ್ದು. ನಗ್ತಾ ಹೋದರು. ಮೊನ್ನೆ ಶನಿವಾರ ಮತ್ತೆ ಬಂದು ಒಂದು ಮೈಕ್ ತಗೊಂಡು ಹೋದರು, ಕ್ಯಾಸೆಟ್ ರೆಕಾರ್ಡರಿಗೆ ಹಾಕೋದು."

"ಅವರ ಹತ್ರ ರೆಕಾರ್ಡರ್ ಇಲ್ಲ."

"ಅದನ್ನ ಕೇಳೋಕೆ ನಾನು ಪೊಲೀಸಾ?"

ಪ್ರದರ್ಶನಕ್ಕೆ ಇರಬಹುದು, ರೆಕಾರ್ಡರ್ ಯಾರಿಂದಲೋ ಎರವಲು ತರುತ್ತಾನೇನೋ ಎಂದುಕೊಂಡಳು. ಚಹಾ ಕುಡಿದು ಬಸ್ಸು ಹತ್ತಿದಳು.

* * *

ಕೇಳುವಿನ ಹೆಂಡತಿ ನೀಲಿ ವಾಚನಾಲಯದ ಮೆಟ್ಟಿಲಲ್ಲಿ ಕೂತಿದ್ದಳು. ಠಾಣೆಯಿಂದ ನಡೆದೇ ಬಂದಿದ್ದಳು. ಅಳುತ್ತಿರಲಿಲ್ಲ. ಸಿಟ್ಟಿನಲ್ಲಿದ್ದಳು.

"ನಮ್ಮ ಹಾಡ ನಾವು ಕದಿಯೋದು ಎಂಗೆ ಅಕ್ಕಾ? ಅದ ಹೇಳು ಮೊದ್ಲು. ಅತ್ತೆ ಹಾಡದ್ದು. ನಾಳೆ ಮನೆಗೆ ಬರೋದ ಇವತ್ತು ಯಾಕ ಕದೀಬೇಕು?"

"ಠಾಣೇಲಿ ಏನಾಯ್ತು?"

"ಹೊಡೆದ್ರು. ಆ ಮೀಸೆ ಪೊಲೀಸು. ಬಾಯಿ ಮೇಲೇ ಹೊಡೆದ."

ಕೇಳುವಿಗೆ ಕೂಲಿ ಕೇಳುವಷ್ಟು, ಸಾಮಾನು ತರುವಷ್ಟು ಮಲಯಾಳ ಬರುತ್ತಿತ್ತು. ಆದರೆ ಏಟು ಬಿದ್ದಾಗ ಬಾಯಿಗೆ ಬರುವುದು ಮನೆಯ ಮಾತು.

"ಅವನು ಏನಂದ?"

"ಇದ್ದದ್ದ ಅಂದ. 'ಪೆಟ್ಟಿ ನಾನೇ ಕಟ್ಟ್ದು ಸಾಮೀ' ಅಂದ. ಅಷ್ಟೆಯ. ಸಾರು ಕುರ್ಚಿಯಿಂದ ಎದ್ದೇ ಬುಟ್ರು. 'ಒಪ್ಕೊಂಡ, ಒಪ್ಕೊಂಡ' ಅಂತ ನಕ್ಕರು. ಆಮೇಲೆ ಎಲ್ಲಿಟ್ಟಿದ್ದೀಯ ಅಂತ ಇನ್ನೂ ಹೊಡೆದ್ರು. ಕಟ್ಟದ್ದು ತಪ್ಪಾ ಅಕ್ಕಾ? ನೀನೇ ಅಲ್ವಾ ಕಟ್ಟು ಅಂದದ್ದು?"

ಕಾರ್ತ್ಯಾಯನಿ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಮಲಯಾಳದಲ್ಲಿ ಹಗ್ಗ ಬಿಗಿಯುವುದಕ್ಕೆ 'ಕೆಟ್ಟುಗ' ಎನ್ನುತ್ತಾರೆ. 'ಕಟ್ಟು' ಎಂದರೆ ಕದ್ದ. 'ಕಟ್ಟದು' ಎಂದರೆ ಕದ್ದದ್ದು. ಪೆಟ್ಟಿಗೆಯನ್ನು ನಾನೇ ಕಟ್ಟಿದ್ದು ಎಂದ ಕೇಳು. ಪೆಟ್ಟಿಗೆಯನ್ನು ನಾನೇ ಕದ್ದದ್ದು ಎಂದು ಕೇಳಿಸಿತು ಕೋಟ್ಟಯಂನ ಕಿವಿಗೆ. ಅವಳೂ ಶಾಲೆಗೆ ಸೇರಿದ ಹೊಸತರಲ್ಲಿ 'ಜಡೆ ಅಮ್ಮ ಕಟ್ಟಿದ್ದು' ಎಂದು ಹೇಳಿ ಇಡೀ ತರಗತಿಯಿಂದ ನಗಿಸಿಕೊಂಡಿದ್ದಳು. ಈ ಕಡೆಯ ಕನ್ನಡದ ಮನೆಯ ಮಕ್ಕಳೆಲ್ಲ ಒಂದಲ್ಲ ಒಂದು ದಿನ ಹಾಗೆ ನಗಿಸಿಕೊಂಡವರೇ.

"ಅವನ ಮಾತನ್ನ ಮಲಯಾಳದಲ್ಲಿ ಹೇಳೋಕೆ ಅಲ್ಲಿ ಯಾರೂ ಇರಲಿಲ್ವಾ ನೀಲಿ?"

"ಇದ್ರಲ್ಲ, ಸುಕುಮಾರಣ್ಣ. ಸಾರು ಅವರನ್ನೇ ಕೇಳದ್ರು, ಸರಿಯಾ ಅಂತ."

"ಅವರೇನಂದರು?"

"ಹೂಂ ಅಂತ ತಲೆ ಆಡ್ಸುದ್ರು."



* * *

ಮಂಗಳವಾರ ಮಧ್ಯಾಹ್ನ ಕೇಳುವನ್ನು ಕೋರ್ಟಿಗೆ ಒಯ್ಯುತ್ತಾರೆಂದು ಸುದ್ದಿ. ಒಮ್ಮೆ ಜೈಲಿಗೆ ಬಿದ್ದ ಕಾಡುನಾಯಕನನ್ನು ಬಿಡಿಸಿ ತರಲು ಯಾರೂ ಹೋಗುವುದಿಲ್ಲ. ಅದು ಅವಳಿಗೂ ಗೊತ್ತು, ನೀಲಿಗೂ ಗೊತ್ತು.

ಬೆಳಿಗ್ಗೆ ಅವಳು ನೇರ ಸುಕುಮಾರನ್ ಮನೆಗೆ ಹೋದಳು. ಅವನಿರಲಿಲ್ಲ; ಆಗಲೇ ಠಾಣೆಗೆ ಹೋಗಿದ್ದ. ಅವನ ಹೆಂಡತಿ ಕೌಸಲ್ಯ ಬಾವಿಕಟ್ಟೆಯ ಕಲ್ಲಿನ ಮೇಲೆ ಒಂದು ಬಿಳಿ ಅಂಗಿಯ ಜೊತೆ ಜಗಳವಾಡುತ್ತಿದ್ದಳು.

"ನೋಡೇ ಕಾರ್ತಿ, ಇದೇನು ಕರ್ಮ ಅಂತ. ನಿನ್ನೆ ಬಿಚ್ಚಿ ಹಾಕುವಾಗ ಬೂದಿ ಬಣ್ಣ ಇತ್ತು. ಸೋಪು ಹಾಕಿ ನೆನೆಸಿಟ್ಟೆ. ಬೆಳಿಗ್ಗೆ ನೋಡಿದರೆ ಕಪ್ಪು. ಉಜ್ಜಿದರೂ ಅಷ್ಟೇ, ಬಿಟ್ಟರೂ ಅಷ್ಟೇ."

ಜೇಬಿನ ಕೆಳಗೆ ಹೆಬ್ಬೆರಳಿನಷ್ಟು ಕಲೆ. ಇದ್ದಿಲಿನಷ್ಟು ಕಪ್ಪು.

"ಮೆಣಸಿನ ಧೂಳಂತೆ," ಎಂದಳು ಕಾರ್ತ್ಯಾಯನಿ.

"ಧೂಳು ಒಗೆದರೆ ಹೋಗಲ್ವಾ? ನಾನೇನು ನಿನ್ನೆ ಮದುವೆಯಾಗಿ ಬಂದೋಳಾ? ಎರಡು ರಾತ್ರಿಯಿಂದ ಮನುಷ್ಯ ಗೋದಾಮಲ್ಲೇ. ಊಟಕ್ಕೆ ಕರೆದರೆ ಬರಲ್ಲ. ಒಬ್ಬರೇ ಕೂತು ಭಾಷಣ ಮಾಡ್ತಾರೆ."

"ಯಾರಿಗೆ?"

"ಮೂಟೆಗಳಿಗೆ."

"ಕೌಸಲ್ಯಕ್ಕ, ಈ ಅಂಗಿ ನನಗೆ ಕೊಡಿ. ಈ ಕಲೆ ತೆಗೆಯೋರು ಒಬ್ಬರಿದ್ದಾರೆ."

"ಯಾರೇ ಅದು?"

"ಠಾಣೇಲಿ," ಎಂದಳು ಕಾರ್ತ್ಯಾಯನಿ. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

ಕೌಸಲ್ಯ ಅಂಗಿಯನ್ನು ನೋಡಿದಳು. ಗೋದಾಮಿನ ಕಡೆ ನೋಡಿದಳು. ಆಮೇಲೆ ಅಂಗಿಯನ್ನು ಹಿಂಡಿ, ಒದರಿ, ಮಡಚಿ ಅವಳ ಕೈಗಿಟ್ಟಳು.

* * *

ಠಾಣೆಯಲ್ಲಿ ಕೇಳು ಗೋಡೆಗೊರಗಿ ಕೂತಿದ್ದ. ತುಟಿ ಊದಿತ್ತು. ಬೆಂಚಿನ ಮೇಲೆ ಸುಕುಮಾರನ್, ಹೊಸ ಬಿಳಿ ಅಂಗಿಯಲ್ಲಿ. ನೀಲಿ ಬಾಗಿಲ ಹೊರಗೆ.

"ಮತ್ತೆ ಬಂದಳು ನೋಡಿ ನಿಮ್ಮ ವಾಚನಾಲಯ," ಎಂದರು ಎಸ್‌ಐ.

"ಸಾರ್, ಒಂದು ಹಗ್ಗ ಕೊಡಿ."

"ಯಾಕೆ?"

"ಕೊಟ್ಟು ನೋಡಿ. ಅದರಿಂದ ಏನೂ ಆಗದಿದ್ದರೆ ನಾನು ಹೋಗ್ತೀನಿ. ಆಗುವ ತನಕ ಹೋಗಲ್ಲ."

ಮೀಸೆಯ ಕಾನ್‌ಸ್ಟೇಬಲ್ ಲಾಠಿ ಸರಿಸಿಕೊಂಡ. ಅವಳು ಅವನನ್ನು ನೋಡಲೂ ಇಲ್ಲ. ಮೂಲೆಯಲ್ಲಿ ಹಳೇ ಪೇಪರುಗಳ ರಾಶಿ, ಅದರ ಮೇಲೆ ಸೆಣಬಿನ ಹುರಿ. ಅವಳೇ ತೆಗೆದು ಎರಡನ್ನೂ ಕೇಳುವಿನ ಮುಂದೆ ಹಾಕಿದಳು. ಕನ್ನಡದಲ್ಲಿ ಒಂದೇ ಮಾತು ಹೇಳಿದಳು.

"ಕೇಳಣ್ಣ, ಕಟ್ಟು."

ಕೇಳು ಅವಳ ಮುಖ ನೋಡಿದ. ಹುರಿ ಎತ್ತಿಕೊಂಡ. ಪೇಪರುಗಳನ್ನು ತಟ್ಟಿ ಸಮ ಮಾಡಿ, ಎರಡು ಸುತ್ತು ಹಾಕಿ, ಗಂಟು ಬಿಗಿದು, ಪಕ್ಕಕ್ಕಿಟ್ಟ.

ಕಾರ್ತ್ಯಾಯನಿ ಆ ಕಟ್ಟನ್ನು ಎತ್ತಿ ಎಸ್‌ಐ ಮುಂದಿಟ್ಟಳು.

"ನಾನೇನಂದೆ ಸಾರ್? ನಿಮ್ಮ ಕಿವಿಗೆ ಏನು ಕೇಳಿಸಿತು?"

"ಕಟ್ಟು," ಎಂದರು ಎಸ್‌ಐ, ನಿಧಾನವಾಗಿ. ಅವರು ಗಂಟು ನೋಡುತ್ತಿದ್ದರು.

"ಅವನು ನಿನ್ನೆ ಹೇಳಿದ್ದೂ ಅದೇ. ನಮ್ಮ ಕನ್ನಡದಲ್ಲಿ ಅದರ ಅರ್ಥ ನಿಮ್ಮ ಕೆಟ್ಟುಗ. ಕದ್ದಿದ್ದರೆ 'ಕದ್ದೆ' ಅಂತಿದ್ದ. ಪೆಟ್ಟಿಗೆಗೆ ಬಳ್ಳಿ ಬಿಗಿದದ್ದು ನಾನು ಅಂದ ಅವನು. ನೀವು ಹೊಡೆದಿರಿ."

"ಅಯ್ಯೋ," ಎಂದ ಸುಕುಮಾರನ್. "ಹಾಗಾ? ನನಗೂ ಆ ಗಡಿಬಿಡಿಯಲ್ಲಿ..."

ಕಾರ್ತ್ಯಾಯನಿ ಅವನ ಕಡೆ ತಿರುಗಿದಳು. "ಸಾರ್ ಕೋಟ್ಟಯಂನವರು. ಅವರು ತಪ್ಪಿದರೆ ಸರಿ. ನಿಮ್ಮಮ್ಮ ನಿಮಗೆ ತೊಟ್ಟಿಲು ಯಾವ ಭಾಷೆಯಲ್ಲಿ ಕಟ್ಟಿದ್ದು ಸುಕುಮಾರಣ್ಣ?"

ಸುಕುಮಾರನ್ ಬೆಂಚಿನಿಂದ ಎದ್ದ.

"ಈ ತಪ್ಪು ಯಾರು ಬೇಕಾದರೂ ಮಾಡಬಹುದು, ಕನ್ನಡದ ಮನೆಯವರನ್ನು ಬಿಟ್ಟು. ನಿಮಗೆ ಗೊತ್ತಿತ್ತು. ಆದರೂ ತಲೆ ಆಡಿಸಿದಿರಿ. ಯಾಕೆ ಅಂತ ನಿನ್ನೆ ಸಂಜೆಯಿಂದ ಯೋಚಿಸ್ತಾ ಇದ್ದೆ. ಇವತ್ತು ಇದು ಸಿಕ್ಕಿತು."

ಅಂಗಿಯನ್ನು ಎಸ್‌ಐ ಮೇಜಿನ ಮೇಲೆ ಹರಡಿದಳು.

"ನಿನ್ನೆ ಬೆಳಿಗ್ಗೆ ಈ ಕಲೆ ನೀವೂ ನೋಡಿದ್ದೀರಿ ಸಾರ್. ಹೊಗೆಬಣ್ಣ ಇತ್ತು. ಈಗ ನೋಡಿ. ಅಂಗಡಿ ಮಸಿ ಒಗೆದರೆ ತೆಳುವಾಗುತ್ತೆ. ಮಾಷ್ ಕಾಯಿಸಿದ ಅಳಲೆಕಾಯಿ ಮಸಿ ಹಾಗಲ್ಲ. ಬರೆಯುವಾಗ ಬೂದು, ಗಾಳಿಗೆ ಬಿಟ್ಟರೆ ಕಪ್ಪು. ಬಟ್ಟೆಗೆ ಹತ್ತಿದರೆ ಹೋಗಲ್ಲ. ನಮ್ಮ ಕಡೆ ಈಗ ಅಂಥ ಮಸಿ ಕಾಯಿಸೋರು ಬೇರೆ ಇಲ್ಲ. ಉಳಿದಿದ್ದ ಶೀಸೆ ಒಂದೇ. ಅದು ಪೆಟ್ಟಿಗೆ ಒಳಗಿತ್ತು, ಕರಿ ಪೆನ್ನಿನ ಜೊತೆ. ಇವರು ಪೆನ್ನಿಗೆ ಮಸಿ ತುಂಬಿ ಜೇಬಿಗೆ ಸಿಕ್ಕಿಸಿಕೊಂಡಿದ್ದಾರೆ. ಒಂದು ದಿನ ತಡೆಯಲಿಕ್ಕೆ ಆಗಲಿಲ್ಲ ಇವರ ಕೈಲಿ."

ಆಮೇಲೆ ದಾಮು ಹೇಳಿದ್ದನ್ನೂ ಹೇಳಿದಳು. ಬೇರೆ ಒಂದು ಸಿಗುತ್ತೆ ಎಂದ ಗ್ರಾಮಫೋನ್. ರೆಕಾರ್ಡರ್ ಇಲ್ಲದವನು ಕೊಂಡ ಮೈಕ್. ಗೋದಾಮಿನ ಭಾಷಣ.

ಎಸ್‌ಐ ಟೋಪಿ ಹಾಕಿಕೊಂಡರು.

* * *

ಮೆಣಸಿನ ಮೂಟೆಗಳ ಹಿಂದೆ ಎಲ್ಲ ಇತ್ತು. ಖಾಲಿ ಪೆಟ್ಟಿಗೆ. ಬಿದಿರಿನ ಹಿಡಿಯ ಗ್ರಾಮಫೋನ್. ಗೋಣಿಚೀಲದಲ್ಲಿ ತುಂಬಿ ತಂದಿದ್ದ ತಟ್ಟೆಗಳು. ಕೆಲವು ಬಿರುಕು ಬಿಟ್ಟಿದ್ದವು. ಮಸಿ ಕಟ್ಟಿಕೊಂಡ ಕರಿ ಪೆನ್ನು. ಕಿತ್ತು ಸರಿಮಾಡಲು ಹೋಗಿ ನಿಬ್ಬು ಮುರಿದಿತ್ತು. ಗೋಡೆಗೆ ಒರಗಿಸಿದ ಒಂದು ಹೊಸ ಬೋರ್ಡು: ಸುಕುಮಾರನ್ ಸಂಗ್ರಹ, ವಯನಾಡ್ ಜಿಲ್ಲೆ. ಮತ್ತೆ ರೆಕಾರ್ಡರ್, ಮೈಕ್ ಸಿಕ್ಕಿಸಿದ್ದು ಹಾಗೇ.

ಎಸ್‌ಐ ಗುಂಡಿ ಒತ್ತಿದರು. ಗರಗರ ಸದ್ದು. ಬಾಗಿಲಲ್ಲಿ ನಿಂತಿದ್ದ ನೀಲಿ ಒಂದು ಹೆಜ್ಜೆ ಒಳಗಿಟ್ಟಳು.

"ಪ್ರಿಯ ಕಲಾಭಿಮಾನಿಗಳೇ," ಎಂದಿತು ಸುಕುಮಾರನ್ ದನಿ, ಮಲಯಾಳದಲ್ಲಿ. "ಕಾಡುಮೇಡು ಅಲೆದು ಈ ಅಪರೂಪದ ಗೀತೆಗಳನ್ನು ಸಂಗ್ರಹಿಸಿದವನು ನಾನು..." ಕೆಮ್ಮು. "ಪ್ರಿಯ ಕಲಾಭಿಮಾನಿಗಳೇ..." ಇನ್ನೊಮ್ಮೆ. ಮತ್ತೊಮ್ಮೆ. ಬೇರೆ ಕ್ಯಾಸೆಟ್ ಹಾಕಿದರು. ಅಲ್ಲೂ ಅವನೇ. ಪ್ರತಿ ಹಾಡಿನ ಮೊದಲು ಮಾಷ್ ದನಿಯಲ್ಲಿದ್ದ ವೆಳ್ಳಚ್ಚಿಯ ಹೆಸರು ಅಳಿಸಲು ಹೋದವನು, ತನ್ನ ಮಾತಿನ ರುಚಿ ಹತ್ತಿ, ಹಾಡಿನ ಮೇಲೇ ಮಾತಾಡುತ್ತ ಹೋಗಿದ್ದ.

ನೀಲಿ ಕಾದಳು. ಆಮೇಲೆ ಕೇಳಿದಳು. "ಅತ್ತೆ ಎಲ್ಲಿ?"

ಎಸ್‌ಐ ಗುಂಡಿ ಒತ್ತಿ ರೆಕಾರ್ಡರ್ ನಿಲ್ಲಿಸಿದರು.

"ಅವರು ಹಾಡಿಗೆ ಒಯ್ದಿದ್ದರೆ ಹುಳ ಹಿಡೀತಿತ್ತು," ಎಂದ ಸುಕುಮಾರನ್. "ಅದರ ಬೆಲೆ ಗೊತ್ತಿದ್ದದ್ದು ನನಗೆ. ನನ್ನಷ್ಟು ಅದನ್ನ ಪ್ರೀತಿಸಿದವರು ಯಾರಿದ್ದಾರೆ?"

"ಪ್ರೀತಿಸಿದಿರಿ," ಎಂದಳು ಕಾರ್ತ್ಯಾಯನಿ. "ಒಂದೊಂದಾಗಿ ಅಳಿಸಿದಿರಿ."

* * *

ಕೇಳುವನ್ನು ಬಿಟ್ಟರು. ಸುಕುಮಾರನ್ ಅದೇ ಗೋಡೆಗೆ ಒರಗಿ ಕೂತ. ಅವನಿಗೆ ಯಾರೂ ಹೊಡೆಯಲಿಲ್ಲ.

ಎಸ್‌ಐ ಕಾಗದ ಮುಂದೆ ತಳ್ಳಿದರು. "ಕಳೆದುಹೋದದ್ದು ಏನೇನು ಅಂತ ಬರೆದು ಸಹಿ ಹಾಕು. ಒಂದನ್ನೂ ಬಿಡಬೇಡ."

ಪೆನ್ನು ಅವಳ ಬಳಿ ಇರಲಿಲ್ಲ. ಅವರದ್ದೇ ಕೇಳಿ ತೆಗೆದುಕೊಂಡಳು. ಮಲಯಾಳದಲ್ಲೇ ಬರೆದಳು, ಅವರು ಓದಬೇಕಲ್ಲ. ಎಸ್‌ಐ ಬಗ್ಗಿ ನೋಡುತ್ತಿದ್ದವರು ಕೊನೆಯ ಸಾಲಿಗೆ ಬಂದಾಗ ಕೈ ಅಡ್ಡ ಹಿಡಿದರು.

"ಅದು ಬೇಡ ಕೊಚ್ಚೇ. ಅದು ಕಳವಿನ ಲೆಕ್ಕಕ್ಕೆ ಬರಲ್ಲ."

"ಒಂದನ್ನೂ ಬಿಡಬೇಡ ಅಂದದ್ದು ನೀವೇ ಸಾರ್."

"ಅದನ್ನ ಬರೆದರೆ ನನ್ನ ಕಾನ್‌ಸ್ಟೇಬಲ್‌ನ ಕೆಲಸ ಹೋಗುತ್ತೆ."

"ಹೋಗಲಿ. ಕೇಳಣ್ಣ ಇನ್ನು ಕೊಳಲು ಊದೋದು ಹೇಗೆ ಅಂತ ಅವರನ್ನೇ ಕೇಳಿ."

ಮೀಸೆಯವನು ಗೋಡೆ ನೋಡಿದ. ಎಸ್‌ಐ ಕೈ ಬಹಳ ಹೊತ್ತು ಕಾಗದದ ಮೇಲೇ ಇತ್ತು. ಕಾರ್ತ್ಯಾಯನಿ ಪೆನ್ನು ಕೆಳಗಿಡಲಿಲ್ಲ. ಬಾಗಿಲಲ್ಲಿ ನೀಲಿಯೂ ಕೇಳುವೂ ನಿಂತಿದ್ದರು, ಹೋಗಿರಲಿಲ್ಲ. ಕೊನೆಗೆ ಕೈ ಸರಿಯಿತು.

ಅವಳು ಬರೆದು ಮುಗಿಸಿ ಸಹಿ ಹಾಕಿದಳು.

ಗ್ರಾಮಫೋನ್ ತಟ್ಟೆ, ಮೂರು. ಪೆನ್ನು, ಒಂದು. ವೆಳ್ಳಚ್ಚಿಯ ಹಾಡು, ಒಂಬತ್ತು. ಕೇಳುವಿನ ಮುಂದಿನ ಹಲ್ಲು, ಎರಡು.